ಬಾಗ್ದಾದಿನ ಕಳ್ಳ, ಗುಬ್ಬಿಯ ಕಳ್ಳ

ಅರಬ್ಬಿ ಕಥೆಯ ಸಿನಿಮಾ ಎಂದರೆ ಹಾರುವ ಜಮಖಾನೆ, ದೀಪದಿಂದ ಹೊಗೆಯಾಗಿ ಏಳುವ ಭೂತ, ಗುಮ್ಮಟದ ಅರಮನೆ ನೆನಪಾಗುತ್ತವೆ. ಇವೆಲ್ಲ ಮೇಲಿನ ಅಲಂಕಾರ. ಕಥೆಯನ್ನು ಹೊತ್ತು ನಡೆಸುವವನು ಕಳ್ಳ. ಕೈಚಳಕದ ಜೊತೆ ಬಾಯಿಚಳಕವೂ ಇರುವ, ಸಿಕ್ಕಿಬಿದ್ದರೂ ನಗಿಸಿ ಪಾರಾಗುವ ಕಳ್ಳ. ರಾಜಕುಮಾರ ಪ್ರೇಮಿಸುತ್ತಾನೆ, ಹಾಡುತ್ತಾನೆ, ಸೆರೆ ಸಿಕ್ಕುತ್ತಾನೆ. ಬಿಡಿಸಿಕೊಂಡು ಬರಲು ಮಾತ್ರ ಕಳ್ಳನೇ ಬೇಕು. ಈ ಮಾತಿಗೆ ಸಾಕ್ಷಿ ಹುಡುಕಿ ಹಾಲಿವುಡ್ಡಿಗೆ ಹೋಗುವ ಮೊದಲು ತುಮಕೂರಿನ ಪಕ್ಕದ ಗುಬ್ಬಿಯಲ್ಲಿ ಇಳಿಯುವುದು ಒಳ್ಳೆಯದು.

1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ನಾಡಿನ ಮನೆಮಾತು ಮಾಡಿದ ವೀರಣ್ಣನವರು ರಾಜಾಪಾರ್ಟಿನವರಲ್ಲ, ಹಾಸ್ಯನಟರು. ಕಂಪನಿಯ ಮಾಲೀಕರೇ ಕಿರೀಟ ಬಿಟ್ಟು ಹಾಸ್ಯ ಹಿಡಿದದ್ದು ಗಮನಿಸಬೇಕಾದ ಸಂಗತಿ. ಅವರಿಗೆ ಹೆಸರು ತಂದ ಪಾತ್ರಗಳಲ್ಲಿ ‘ಸದಾರಮೆ’ಯ ಕಳ್ಳ ಮುಖ್ಯವಾದದ್ದು. 1935ರಲ್ಲಿ ರಾಜಾ ಚಂದ್ರಶೇಖರ್ ನಿರ್ದೇಶನದಲ್ಲಿ ನಾಟಕ ಸಿನಿಮಾ ಆಯಿತು. ಕನ್ನಡ ವಾಕ್ಚಿತ್ರಕ್ಕೆ ಆಗ ಒಂದು ವರ್ಷವಷ್ಟೇ. ಮೊದಲೆರಡು ಚಿತ್ರಗಳಾದ ‘ಸತಿ ಸುಲೋಚನಾ’, ‘ಭಕ್ತ ಧ್ರುವ’ ಎರಡೂ ಪುರಾಣದವು. ದೇವರಿಲ್ಲದ, ಬರೀ ಕಟ್ಟುಕಥೆಯ ನಗೆಯನ್ನು ತೆರೆಗೆ ತಂದದ್ದು ಸದಾರಮೆ.

ಈ ಕಥೆಗೂ ಅರೇಬಿಯಾಕ್ಕೂ ಏನು ಸಂಬಂಧ ಎನ್ನಬಹುದು. ಸದಾರಮೆಯನ್ನು ಪಡೆಯಲು ರಾಜಕುಮಾರ ರಾಜ್ಯವನ್ನೇ ಅವಳ ಅಪ್ಪನಿಗೆ ತೆತ್ತು ಬೀದಿಪಾಲಾಗುತ್ತಾನೆ. ಅವಳು ಪರರ ಪಾಲಾಗಿ, ಕಳ್ಳನ ಕೈಗೂ ಸಿಕ್ಕಿ, ಅವನನ್ನು ಮರುಳು ಮಾಡಿ ತಪ್ಪಿಸಿಕೊಂಡು ಗಂಡುವೇಷ ತೊಡುತ್ತಾಳೆ. ಈಗ ‘ಸಾವಿರದೊಂದು ರಾತ್ರಿ’ಗಳಲ್ಲಿನ ಅಲಿ ಶಾರ್ ಮತ್ತು ಜುಮುರ್ರುದ್ ಕಥೆ ನೋಡಿ. ದಿವಾಳಿಯಾದ ವ್ಯಾಪಾರಿಯ ಮಗ, ಜಾಣ ಹೆಂಗಸು. ಅವಳನ್ನು ಸೆರೆಯಿಂದ ಬಿಡಿಸಲು ಬಂದವನು ಕಿಟಕಿಯ ಕೆಳಗೆ ನಿದ್ದೆ ಹೋಗುತ್ತಾನೆ. ಕತ್ತಲಲ್ಲಿ ಬಂದ ಕಳ್ಳ ಅವಳನ್ನು ಹೆಗಲ ಮೇಲೆ ಹೊತ್ತೊಯ್ಯುತ್ತಾನೆ. ಕಾವಲಿಗೆ ಕೂತ ಕಳ್ಳನ ತಾಯಿಯ ತಲೆಯ ಹೇನು ಹೆಕ್ಕುತ್ತ ಮುದುಕಿಯನ್ನು ಮಲಗಿಸಿ, ಜುಮುರ್ರುದ್ ಗಂಡುಡುಗೆಯಲ್ಲಿ ಕುದುರೆ ಏರುತ್ತಾಳೆ, ಕೊನೆಗೆ ಒಂದೂರಿನ ದೊರೆಯೇ ಆಗುತ್ತಾಳೆ. ಇವೆರಡೂ ಅಕ್ಕತಂಗಿಯರಂತಿವೆ.

ಇಂಥ ಕಳ್ಳರು ನಮ್ಮಲ್ಲೇ ಇರಲಿಲ್ಲವೇ, ‘ವಡ್ಡಾರಾಧನೆ’ಯಲ್ಲೇ ವಿದ್ಯುಚ್ಚೋರನಿದ್ದಾನಲ್ಲ ಎಂದು ಕೇಳುವವರಿದ್ದಾರೆ. ಇದ್ದಾನೆ, ಸರಿ. ಆದರೆ ಕಥೆಗೆ ಗಡಿ ಎಲ್ಲಿದೆ? ನಮ್ಮ ಪಂಚತಂತ್ರ ಪಹ್ಲವಿಗೆ ಹೋಗಿ, ಎಂಟನೆಯ ಶತಮಾನದಲ್ಲಿ ಅರಬ್ಬಿಯ ‘ಕಲೀಲಾ ವ ದಿಮ್ನಾ’ ಆಯಿತು. ಅತ್ತ ಅಲ್ಲಾವುದ್ದೀನ್, ಅಲಿಬಾಬಾರ ಕಥೆಗಳು ಹಳೆಯ ಅರಬ್ಬಿ ಹಸ್ತಪ್ರತಿಗಳಲ್ಲಿ ಇರಲೇ ಇಲ್ಲ. 1709ರಲ್ಲಿ ಅಲೆಪ್ಪೊದ ಹನ್ನಾ ದಿಯಾಬ್ ಪ್ಯಾರಿಸ್ಸಿನಲ್ಲಿ ಹೇಳಿದ್ದನ್ನು ಫ್ರೆಂಚ್ ಅನುವಾದಕ ಗಾಲಾಂ ಸೇರಿಸಿಕೊಂಡ. ಮೂಲದ ಮಡಿ ಅಲ್ಲೇ ಇಲ್ಲದಾಗ ಗುಬ್ಬಿಯಲ್ಲಿ ಹುಡುಕುವುದೇಕೆ?

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಭೂತವಿಲ್ಲದ, ಜಮಖಾನೆ ಹಾರದ ಕಥೆಯನ್ನು ಅದ್ಭುತ ಕಥೆ ಎನ್ನಬಹುದೇ? ಅಲಿಬಾಬಾನ ಕಥೆಯನ್ನು ಬಿಡಿಸಿ ನೋಡಿ: ಇಡೀ ಕಥೆಯಲ್ಲಿ ಮಾಯೆ ಇರುವುದು ಒಂದು ಬಾಗಿಲಲ್ಲಿ. ಮಿಕ್ಕದ್ದೆಲ್ಲ ಕತ್ತೆ, ಎಣ್ಣೆಯ ಜಾಡಿ ಮತ್ತು ಮೋರ್ಗಿಯಾನಾ ಎಂಬ ಮನೆಯಾಳಿನ ಜಾಣತನ. ಬಲವಿಲ್ಲದವರು ಬಲವುಳ್ಳವರನ್ನು ಯುಕ್ತಿಯಿಂದ ಗೆಲ್ಲುವುದೇ ಅಲ್ಲಿನ ಅದ್ಭುತ. ದೀಪದ ಭೂತ ಮಾಡುವ ಕೆಲಸವನ್ನು ಸದಾರಮೆಯಲ್ಲಿ ನಾಲಿಗೆ ಮಾಡುತ್ತದೆ.

ಸಿನಿಮಾಗಳನ್ನು ಎದುರುಬದುರು ಇಟ್ಟರೆ ವಿಷಯ ಇನ್ನೂ ನಿಚ್ಚಳ. 1924ರ ಮೂಕಿಚಿತ್ರ ‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಕಳ್ಳನೂ ಹೌದು, ನಾಯಕನೂ ಹೌದು. ಅಲೆಕ್ಸಾಂಡರ್ ಕೋರ್ಡಾ 1940ರಲ್ಲಿ ಅದೇ ಹೆಸರಿನ ಬಣ್ಣದ ಚಿತ್ರ ತೆಗೆದಾಗ ಆ ಪಾತ್ರ ಎರಡಾಯಿತು: ಪ್ರೇಮಿಸಲು ರಾಜ ಅಹ್ಮದ್, ಮಿಕ್ಕ ಸಕಲ ಕೆಲಸಕ್ಕೂ ಪುಟ್ಟ ಕಳ್ಳ ಅಬು. ರಾಜಾಪಾರ್ಟು ಒಬ್ಬರಿಗೆ, ಹಾಸ್ಯ ಒಬ್ಬರಿಗೆ ಎಂಬ ನಮ್ಮ ಕಂಪನಿ ನಾಟಕದ ಪದ್ಧತಿಯೂ ಇದೇ ತಾನೇ? ಅಬು ಆದವನು ಸಾಬು, ಮೈಸೂರು ಸಂಸ್ಥಾನದ ಕಾರಾಪುರದ ಮಾವುತನ ಮಗ. ಕೋರ್ಡಾ ಗುಬ್ಬಿಯಿಂದ ಕಲಿತರೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದೂ ಒಂದು ಅರಬ್ಬಿ ಕಥೆಯೇ ಆದೀತು. ನಗೆಗೆ ಪೂರ್ತಿ ಸಡಿಲ ಬಿಡಬೇಕಾದರೆ ಅದನ್ನು ಪ್ರೇಮದ ನೊಗದಿಂದ ಬಿಚ್ಚಲೇಬೇಕು. ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಅಲ್ಲಿಗೇ ಬಂದರು. ಚಿತ್ರದ ಕೊನೆಯಲ್ಲಿ ಅಬುವನ್ನು ಶಾಲೆಗೆ ಸೇರಿಸಿ ವಜೀರನನ್ನಾಗಿ ಮಾಡುವ ಮಾತು ಬರುತ್ತದೆ. ಅವನು ಜಮಖಾನೆ ಹತ್ತಿ ಪರಾರಿ.

ಗುಬ್ಬಿಯ ಕಳ್ಳ ಪರಾರಿಯಾಗಲಿಲ್ಲ. ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಕಳ್ಳನ ಪಾತ್ರ ಮನೆತನದಲ್ಲೇ ಉಳಿಯಿತು. ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದಾಗ ಆ ವೇಷ ಹಾಕಿದವರು ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ.