ವೇಗದ ಸವಾರಿ ಮತ್ತು ನ್ಯಾಯಾಲಯದ ದಂಡನೆ

ಲೋಕಲ್ ರೈಲಿನ ನೂಕುನುಗ್ಗಲು ಹಾಗೂ ಬಸ್ಸಿನ ಸರತಿಸಾಲಿನಿಂದ ಬೇಸತ್ತ ಮಹಾನಗರದ ಮಧ್ಯಮವರ್ಗಕ್ಕೆ ಮೋಟಾರ್ ಸೈಕಲ್ಲು ಒಂದು ವರದಾನವೆಂದೇ ಹೇಳಬೇಕು. ಆದರೆ ಆ ವರಕ್ಕೆ ತೆರಬೇಕಾಗಿರುವ ಬೆಲೆ ಸಾಮಾನ್ಯವಾದುದಲ್ಲ. ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದ ಮೇಲಿದ್ದವರು. ಒಟ್ಟು ಸಾವುಗಳಲ್ಲಿ ನೂರಕ್ಕೆ 71ರಷ್ಟಕ್ಕೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ವೇಗ ಎರಡರಷ್ಟಾದರೆ ಡಿಕ್ಕಿಯ ಹೊಡೆತ ನಾಲ್ಕರಷ್ಟಾಗುತ್ತದೆ ಎಂಬ ಶಾಲಾ ಪಾಠವನ್ನು ನೆನೆದರೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಇಂಥ ಸವಾರರನ್ನು ಕಾನೂನು ಹೇಗೆ ಕಾಣುತ್ತದೆ? ಚೌಕದಲ್ಲಿ ನಿಂತ ಪೋಲೀಸಿನವನಿಗೆ ಒಂದಿಷ್ಟು ದಂಡ ಕಟ್ಟಿ ರಸೀದಿ ಪಡೆದರೆ ತೀರಿತು ಎಂಬ ಭಾವನೆ ಬಹುಜನರಲ್ಲಿದೆ. ಇದು ಅರ್ಧಸತ್ಯ ಮಾತ್ರ. 1988ರ ಮೋಟಾರು ವಾಹನಗಳ ಕಾಯಿದೆಯು ಅತಿವೇಗವನ್ನೂ ಅಪಾಯಕರ ಚಾಲನೆಯನ್ನೂ ಬೇರೆ ಬೇರೆ ಅಪರಾಧಗಳೆಂದು ಎಣಿಸುತ್ತದೆ. ಗೊತ್ತುಪಡಿಸಿದ ವೇಗಮಿತಿಯನ್ನು ಮೀರಿದರೆ 183ನೆಯ ಕಲಮು. ಹಿಂದೆ ಮೊದಲ ಬಾರಿಯ ತಪ್ಪಿಗೆ ಹೆಚ್ಚೆಂದರೆ 400 ರೂಪಾಯಿ ದಂಡವಿದ್ದುದು, 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಲಘು ವಾಹನಗಳಿಗೆ 1,000ದಿಂದ 2,000 ರೂಪಾಯಿಯವರೆಗೆ ಏರಿತು. ಎರಡನೆಯ ಬಾರಿ ಸಿಕ್ಕಿಬಿದ್ದರೆ ಚಾಲನಾ ಪರವಾನಿಗೆಯನ್ನೂ ವಶಪಡಿಸಿಕೊಳ್ಳಬಹುದು. ಇದು ಬಹುಮಟ್ಟಿಗೆ ಹಣ ಕಟ್ಟಿ ಮುಗಿಸಿಕೊಳ್ಳಬಹುದಾದ ಅಪರಾಧ.

184ನೆಯ ಕಲಮಿನ ಸಂಗತಿಯೇ ಬೇರೆ. ಕೆಂಪು ದೀಪವನ್ನು ದಾಟುವುದು, ಎದುರು ದಿಕ್ಕಿನಿಂದ ನುಗ್ಗುವುದು, ನಿಯಮ ಮೀರಿ ಮುಂದಿನ ವಾಹನವನ್ನು ಹಿಂದಿಕ್ಕುವುದು, ಮೊಬೈಲನ್ನು ಕೈಯಲ್ಲಿ ಹಿಡಿದು ಓಡಿಸುವುದು, ಇವೆಲ್ಲ ಇತರರಿಗೆ ಅಪಾಯವೊಡ್ಡಿದಾಗ ಇದರ ವ್ಯಾಪ್ತಿಗೆ ಬರುತ್ತವೆ. ಶಿಕ್ಷೆ ಆರು ತಿಂಗಳಿಗೆ ಕಡಿಮೆಯಿಲ್ಲದೆ ಒಂದು ವರ್ಷದವರೆಗಿನ ಸೆರೆವಾಸ, ಇಲ್ಲವೆ 1,000ದಿಂದ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಮೂರು ವರ್ಷದೊಳಗೆ ಅದೇ ತಪ್ಪನ್ನು ಮತ್ತೆ ಎಸಗಿದರೆ ಎರಡು ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ. ಮೊಬೈಲಿನ ಪ್ರಕರಣವನ್ನು ಬಿಟ್ಟರೆ ಈ ಕಲಮಿನ ಉಳಿದ ಅಪರಾಧಗಳನ್ನು ರಸ್ತೆಯಲ್ಲೇ ಹಣ ಕಟ್ಟಿ ಇತ್ಯರ್ಥ ಮಾಡಿಕೊಳ್ಳಲು ಕಾಯಿದೆ ಎಡೆಗೊಡುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಹೋಗಲೇಬೇಕು. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವವರಿಗೆ 189ನೆಯ ಕಲಮಿನಲ್ಲಿ ಮೂರು ತಿಂಗಳ ಸೆರೆ ಅಥವಾ 5,000 ರೂಪಾಯಿ ದಂಡವಿದೆ.

ಇಲ್ಲಿ ‘ಇಲ್ಲವೆ’ ಎಂಬ ಸಣ್ಣ ಶಬ್ದವನ್ನು ಗಮನಿಸಬೇಕು. ಸೆರೆಯೋ ದಂಡವೋ ಎಂಬುದನ್ನು ಅದು ನ್ಯಾಯಾಧೀಶರ ವಿವೇಚನೆಗೆ ಬಿಡುತ್ತದೆ. ಕಾಗದದ ಮೇಲೆ ಉಗ್ರವಾಗಿರುವ ಶಿಕ್ಷೆ ಕಟಕಟೆಯಲ್ಲಿ ಸೌಮ್ಯವಾಗುವುದು ಈ ಬಾಗಿಲಿನಿಂದಲೇ. ಪ್ರಾಣಹಾನಿಯಾದಾಗಲೂ ಹೀಗಾಗುವುದನ್ನು ಸುಪ್ರೀಂ ಕೋರ್ಟು ಮೆಚ್ಚಿಲ್ಲ. ಪಂಜಾಬಿನಲ್ಲಿ ಇಬ್ಬರು ಮೃತರಾದ ಒಂದು ಪ್ರಕರಣದಲ್ಲಿ, ಆರೋಪಿಯು ಪರಿಹಾರವಾಗಿ ಹಣ ಕೊಟ್ಟಿರುವನೆಂದು ಉಚ್ಚ ನ್ಯಾಯಾಲಯವು ಒಂದು ವರ್ಷದ ಶಿಕ್ಷೆಯನ್ನು ಅವನು ಅದಾಗಲೇ ಅನುಭವಿಸಿದ್ದ 24 ದಿನಗಳಿಗೆ ಇಳಿಸಿತ್ತು. 2015ರಲ್ಲಿ ಸುಪ್ರೀಂ ಕೋರ್ಟು ಅದನ್ನು ಆರು ತಿಂಗಳಿಗೆ ಏರಿಸಿತು. ಜೀವದ ಬೆಲೆಯನ್ನು ಚೆಕ್ಕಿನಲ್ಲಿ ಬರೆದು ಸೆರೆಮನೆಯಿಂದ ಪಾರಾಗಬಹುದೆಂಬ ನಂಬಿಕೆಗೆ ಇದು ತಕ್ಕ ಉತ್ತರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ, ದುಡುಕು ಅಥವಾ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಹಳೆಯ ದಂಡಸಂಹಿತೆಯಲ್ಲಿ ಇದು ಎರಡೇ ವರ್ಷವಾಗಿತ್ತು.

ನ್ಯಾಯಾಲಯದ ದಂಡವನ್ನು ತೆತ್ತ ಮೇಲೂ ಲೆಕ್ಕ ಮುಗಿಯುವುದಿಲ್ಲ. ಕುಟುಂಬದ ಹಣಕಾಸಿನ ದೃಷ್ಟಿಯಿಂದ ನೋಡಿದರೆ ನಿಜವಾದ ಪೆಟ್ಟು ಬೀಳುವುದು ವಿಮೆಯ ಬಾಬಿನಲ್ಲಿ. ಎದುರಿನವರಿಗೆ ಹಾನಿಯಾದರೆ ವಿಮಾ ಸಂಸ್ಥೆ ಪರಿಹಾರ ಕೊಡುತ್ತದೆ, ನಿಜ. ಆದರೆ ಸವಾರನಲ್ಲಿ ಊರ್ಜಿತ ಪರವಾನಿಗೆ ಇಲ್ಲದಿದ್ದರೆ, ಮೊದಲು ಹಣ ಕೊಟ್ಟು ಅನಂತರ ವಾಹನದ ಒಡೆಯನಿಂದ ವಸೂಲು ಮಾಡಲು ಆ ಸಂಸ್ಥೆಗೆ ಅಧಿಕಾರ ದೊರೆಯಬಹುದು. ಕಿಸ್ತಿನಲ್ಲಿ ಕೊಂಡ ಗಾಡಿಗಾಗಿ ಮನೆಯನ್ನೇ ಮಾರಬೇಕಾದ ಪ್ರಸಂಗ ಹುಟ್ಟುವುದು ಹೀಗೆ. ಇನ್ನು ಸ್ವಂತ ತಪ್ಪಿನಿಂದಲೇ ಸತ್ತವರ ಗತಿ? ಅರಸೀಕೆರೆಯ ಹಾದಿಯಲ್ಲಿ 2014ರಲ್ಲಿ ವೇಗವಾಗಿ ಕಾರು ಓಡಿಸಿ ಮಡಿದವರೊಬ್ಬರ ಕುಟುಂಬವು 80 ಲಕ್ಷ ರೂಪಾಯಿ ಪರಿಹಾರ ಬೇಡಿತ್ತು. ಅತಿವೇಗದಿಂದ ತನಗೆ ತಾನೇ ಕೇಡು ತಂದುಕೊಂಡವನ ವಾರಸುದಾರರಿಗೆ ಅದು ಸಲ್ಲದೆಂದು ಕರ್ನಾಟಕ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಬದಲಿಸಲು ಒಪ್ಪಲಿಲ್ಲ. ಮೋಟಾರ್ ಸೈಕಲ್ಲಿನವನಿಗೂ ಇದೇ ನ್ಯಾಯ. ವಾಹನದ ಒಡೆಯನೇ ಓಡಿಸುತ್ತಿದ್ದರೆ ದೊರೆಯುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯೊಂದೇ ಆಗ ಆಸರೆ. ಅದಕ್ಕೂ ಪರವಾನಿಗೆ ಸರಿಯಾಗಿರಬೇಕು.

ಹದಿನಾರು ಹದಿನೇಳರ ಮಗ ಹಟ ಹಿಡಿದನೆಂದು ಕೀಲಿಕೈ ಕೊಡುವ ತಂದೆತಾಯಿಗಳೂ 199ಎ ಕಲಮನ್ನು ತಿಳಿದಿರಬೇಕು. ಅಪ್ರಾಪ್ತನು ಅಪರಾಧವೆಸಗಿದರೆ ಪೋಷಕನಿಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಪರವಾನಿಗೆ ಇಲ್ಲ. ತನಗೆ ಅರಿವಿಲ್ಲದೆ ಹಾಗಾಯಿತೆಂದು ಸಾಬೀತುಪಡಿಸುವ ಹೊಣೆಯೂ ಹಿರಿಯರದೇ. ಶಿಕ್ಷೆಯನ್ನು ತಂದೆಯ ತಲೆಗೆ ಕಟ್ಟುವುದು ಕಟುವಾಗಿ ಕಂಡರೂ ಅನ್ಯಾಯವೆನ್ನಲಾಗದು. ಕೀಲಿಕೈ ಇರುವುದು ಅವನ ಕೈಯಲ್ಲಿಯೇ ಅಲ್ಲವೆ?

ಪರದೇಶದ ಉದ್ಯೋಗಕ್ಕೆ ಕಾದಿರುವ ತರುಣರು ಅರಿಯಬೇಕಾದ ಇನ್ನೊಂದು ಸಂಗತಿಯಿದೆ. ನ್ಯಾಯಾಲಯದಲ್ಲಿ ಕ್ರಿಮಿನಲ್ ಮೊಕದ್ದಮೆ ಬಾಕಿಯಿದ್ದರೆ ಪಾಸ್‌ಪೋರ್ಟನ್ನು ನಿರಾಕರಿಸಲು ಕಾಯಿದೆಯಲ್ಲಿ ಅವಕಾಶವಿದೆ.

ಕಡೆಯದಾಗಿ, ಊರಿನಿಂದ ಕರ್ನಾಟಕದ ನೋಂದಣಿಯ ಗಾಡಿಯನ್ನೇ ಪುಣೆಗೋ ಹೈದರಾಬಾದಿಗೋ ತಂದುಕೊಂಡವರ ತೊಡಕು. ಕ್ಯಾಮೆರಾ ಹಿಡಿದ ತಪ್ಪಿನ ನೋಟೀಸು ನೋಂದಣಿ ಪುಸ್ತಕದಲ್ಲಿರುವ ಹಳೆಯ ವಿಳಾಸಕ್ಕೆ, ಹಳೆಯ ಮೊಬೈಲ್ ಸಂಖ್ಯೆಗೆ ಹೋಗುತ್ತದೆ. ಹುಬ್ಬಳ್ಳಿಯ ಬೀಗ ಹಾಕಿದ ಮನೆಯ ಬಾಗಿಲಲ್ಲಿ ಅದು ಧೂಳು ತಿನ್ನುತ್ತಿರುವಾಗ ಪ್ರಕರಣವು ನ್ಯಾಯಾಲಯಕ್ಕೆ ಸಂದಿರುತ್ತದೆ. ವಾಸಸ್ಥಳ ಬದಲಾದ ಮೂವತ್ತು ದಿನಗಳೊಳಗೆ ವಿಳಾಸವನ್ನು ತಿಳಿಸಬೇಕೆಂದೂ, ಹನ್ನೆರಡು ತಿಂಗಳಿಗೂ ಮೀರಿ ಬೇರೆ ರಾಜ್ಯದಲ್ಲಿರುವ ವಾಹನಕ್ಕೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕೆಂದೂ ಕಾಯಿದೆ ಹೇಳುತ್ತದೆ. ಊರಿಗೆ ಹೋದಾಗ ಅಲ್ಲಿಯ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರವನ್ನು ತಂದಿಟ್ಟುಕೊಂಡರೆ ಈ ಕೆಲಸ ಸುಲಭವಾಗುತ್ತದೆ.