ಬೇಲಿ ಹಾಕಿದರೆ ಜಿಂಕೆ ಎಲ್ಲಿಗೆ ಹೋಗುತ್ತದೆ?

ಸ್ಕಾಟ್ಲೆಂಡಿನಲ್ಲಿ ಈಗ ಸುಮಾರು ಹತ್ತು ಲಕ್ಷ ಕಾಡುಜಿಂಕೆಗಳಿವೆ ಎಂಬುದು ಒಂದು ಅಂದಾಜು. ಅವನ್ನು ತಿನ್ನುತ್ತಿದ್ದ ತೋಳ, ಲಿಂಕ್ಸ್ ಎರಡೂ ಅಲ್ಲಿಂದ ಅಳಿದು ಶತಮಾನಗಳೇ ಕಳೆದಿವೆ. ನಮ್ಮ ಬಂಡೀಪುರದಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಮಾಡುವ ಕೆಲಸ ಅಲ್ಲಿ ಬಂದೂಕು ಹಿಡಿದ ಮನುಷ್ಯನ ಪಾಲಿಗೆ ಬಂದಿದೆ. ಅವನು ಸುಮ್ಮನಿದ್ದರೆ ಪೈನ್, ಬರ್ಚ್ ಸಸಿಗಳ ಎಳೆಗುಡಿ ಚಳಿಗಾಲ ಕಳೆಯುವಷ್ಟರಲ್ಲಿ ಮೊಟಕಾಗಿರುತ್ತದೆ. ಹೊಲದ ಬೆಳೆಗೂ ಅದೇ ಗತಿ.

ಹಾಗಾಗಿ ಬೇಲಿ. ಕುರಿಯನ್ನು ತಡೆಯಲು ಸೊಂಟದೆತ್ತರದ ತಂತಿ ಸಾಕು, ಕೆಂಪು ಜಿಂಕೆಗೆ 1.8 ಮೀಟರಾದರೂ ಬೇಕು. ಎತ್ತರಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಜಿಂಕೆ ಹಾರುವ ಮೊದಲು ನುಸುಳಲು ಸಂದಿ ಹುಡುಕುತ್ತದೆ, ಆದ್ದರಿಂದ ಬಲೆಯ ಬುಡ ನೆಲಕ್ಕೆ ಅಂಟಿಕೊಂಡಿರಬೇಕು. ಇಳಿಜಾರಿನಲ್ಲಿ ಮೇಲಿನಿಂದ ಬರುವ ಜಿಂಕೆಗೆ ಅದೇ ಬೇಲಿ ಗಿಡ್ಡ. ಹಿಮ ರಾಶಿ ಬಿದ್ದರೆ ಹಾರುವುದೂ ಬೇಡ, ನಡೆದೇ ದಾಟುತ್ತದೆ.

ಬಿಗಿದ ತಂತಿಯ ಎಳೆತವೆಲ್ಲ ಮೂಲೆಗಂಬದ ಮೇಲೆ ಬೀಳುತ್ತದೆ. ಅದನ್ನು ಆಳಕ್ಕೆ ಹೂತು ಒರಗುಗಂಬ ಕೊಡದಿದ್ದರೆ ಇಡೀ ಸಾಲು ಸಡಿಲವಾಗುತ್ತದೆ. ಮರದ ಕಂಬ ಲಡ್ಡಾಗುವ ಜಾಗವೂ ಗೊತ್ತಿರುವಂಥದ್ದೇ: ನೆಲಮಟ್ಟ. ಆಳದಲ್ಲಿ ಗಾಳಿ ಕಡಿಮೆ, ಮೇಲೆ ತೇವ ನಿಲ್ಲುವುದಿಲ್ಲ. ಶಿಲೀಂಧ್ರಕ್ಕೆ ಎರಡೂ ಒಟ್ಟಿಗೆ ಸಿಗುವುದು ಮಣ್ಣಿನ ಅಂಚಿನಲ್ಲಿ. ಜಿಐ ತಂತಿಯ ಸತುವಿನ ಲೇಪ ತಾನು ಮೊದಲು ಸವೆದು ಒಳಗಿನ ಉಕ್ಕನ್ನು ಕಾಯುತ್ತದೆ. ಲೇಪ ಎಷ್ಟು ದಪ್ಪವೋ ಆಯುಷ್ಯ ಅಷ್ಟು. ತಂತಿ ಕೊಳ್ಳುವಾಗ ಬೆಲೆಯ ಜೊತೆ ಇದನ್ನೂ ಕೇಳುವುದು ಒಳ್ಳೆಯದು, ಎಲ್ಲಿಯ ರೈತನಾದರೂ ಸರಿ.

ಇಷ್ಟೆಲ್ಲ ಮಾಡಿದರೂ ಬೇಲಿಯಿಂದ ಒಂದು ಜಿಂಕೆಯೂ ಕಡಿಮೆಯಾಗಿರುವುದಿಲ್ಲ. ಒಳಗೆ ಮೇಯಬೇಕಾದ ಬಾಯಿ ಪಕ್ಕದವನ ಜಮೀನಿಗೆ ಹೋಗುತ್ತದೆ. ಕಾಡಿನ ಆಸರೆ ತಪ್ಪಿದ ಜಿಂಕೆಗಳು ಚಳಿಗಾಲದಲ್ಲಿ ಬೋಳುಗುಡ್ಡದ ಮೇಲೆ ಸೊರಗಿ ಸಾಯುವುದೂ ಉಂಟು. ಇನ್ನೊಂದು ಬಲಿ ಯಾರೂ ಎಣಿಸದಿದ್ದದ್ದು: ಕ್ಯಾಪರ್‌ಕೇಲಿ ಎಂಬ ದೊಡ್ಡ ಕಾಡುಕೋಳಿ. ಗಂಡು ಸುಮಾರು ನಾಲ್ಕು ಕಿಲೋ ತೂಗುತ್ತದೆ, ತಗ್ಗಿನಲ್ಲಿ ವೇಗವಾಗಿ ಹಾರುತ್ತದೆ, ಕಾಣದ ತಂತಿಗೆ ಬಡಿದು ಸಾಯುತ್ತದೆ. 2021–22ರ ಚಳಿಗಾಲದ ಅಂದಾಜಿನಂತೆ ಅಲ್ಲಿ ಉಳಿದದ್ದು 532 ಹಕ್ಕಿಗಳು. ಅಬರ್ನೆಥಿ ಕಾಡಿನಲ್ಲಿ ಪಕ್ಷಿ ಸಂರಕ್ಷಣಾ ಸಂಸ್ಥೆ ಜಿಂಕೆಬೇಲಿಗಳನ್ನೇ ಕಿತ್ತುಹಾಕಿತು, ಜೊತೆಗೆ ಜಿಂಕೆಗಳನ್ನೂ ಕಡಿಮೆ ಮಾಡಿತು.

ಆ ಜೊತೆಗಿನ ಕೆಲಸವೇ ನನ್ನ ದೃಷ್ಟಿಯಲ್ಲಿ ನಿಜವಾದ ನಿರ್ವಹಣೆ. ಕ್ರೇಗ್ ಮೆಗಿ ಎಂಬ ಬೆಟ್ಟಪ್ರದೇಶವನ್ನು 1985ರಲ್ಲಿ ಸರ್ಕಾರದ ಪ್ರಕೃತಿ ಸಂರಕ್ಷಣಾ ಸಂಸ್ಥೆ ಕೊಂಡುಕೊಂಡಿತು. ಬೇಲಿ ಹಾಕಲಿಲ್ಲ; ಜಿಂಕೆಗಳ ಸಂಖ್ಯೆಯನ್ನು ಇಳಿಸಿತು. ಬರ್ಚ್ ಕಾಡು ತಾನಾಗಿ ಬೆಟ್ಟವೇರತೊಡಗಿತು.

ಸಂಖ್ಯೆ ಇಳಿಯಬೇಕಾದರೆ ಗುಂಡು ಹೆಣ್ಣಿಗೆ ಬೀಳಬೇಕು. ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡುವುದರಿಂದ ಕೊಂಬಿನ ಆಸೆಗೆ ಗಂಡನ್ನಷ್ಟೇ ಬೇಟೆಯಾಡಿದರೆ ಮರಿಗಳ ಲೆಕ್ಕ ಹಾಗೇ ಇರುತ್ತದೆ. 2023ರಿಂದ ಸ್ಕಾಟ್ಲೆಂಡಿನಲ್ಲಿ ಗಂಡು ಜಿಂಕೆಗೆ ನಿಷೇಧಿತ ಕಾಲವಿಲ್ಲ. ಹೆಣ್ಣಿಗೆ ಮಾತ್ರ ಇದೆ. ಜೂನ್ ಹೊತ್ತಿಗೆ ಹುಟ್ಟುವ ಮರಿ ತಾಯಿಯನ್ನೇ ನೆಚ್ಚಿರುತ್ತದೆ. ಅನುಮತಿಯಿರುವ ಕಾಲದಲ್ಲೂ ತಾಯಿಯನ್ನು ಹೊಡೆದವನು ಮರಿಯನ್ನು ಒಂಟಿಯಾಗಿ ಬಿಡದೆ ಅದನ್ನೂ ಹೊಡೆಯಬೇಕೆಂಬುದು ಅಲ್ಲಿನ ಬೇಟೆಗಾರರ ಕಟ್ಟಳೆ.