ಮಾಂಸ ಮೆತ್ತಗಾಗಲು ಮೂರು ಗಂಟೆ ಏಕೆ?
ಐರಿಷ್ ಸ್ಟ್ಯೂವಿನ ಉಷ್ಣವಿಜ್ಞಾನ

ಐರ್ಲೆಂಡಿನ ಅಡುಗೆಗಳಲ್ಲಿ 'ಸ್ಟ್ಯೂ' ಎಂಬುದು ಹೆಸರುವಾಸಿ. ಮಾಂಸ, ಗೆಡ್ಡೆ ತರಕಾರಿಗಳನ್ನು ದ್ರವದಲ್ಲಿ ಮುಳುಗಿಸಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ ಗಟ್ಟಿ ಸಾರು ಅದು. ಹಳೆಯ ಐರಿಷ್ ಸ್ಟ್ಯೂ ಕುರಿಮಾಂಸದ್ದು. ಅದರಲ್ಲಿ ಆಲೂಗೆಡ್ಡೆ, ಈರುಳ್ಳಿ ಮತ್ತು ನೀರಿಗಿಂತ ಹೆಚ್ಚೇನೂ ಇರುತ್ತಿರಲಿಲ್ಲ. ಅದರ ಒಡಹುಟ್ಟು ಎನ್ನಬಹುದಾದ ಇನ್ನೊಂದು ಬಗೆಯಲ್ಲಿ ದನದ ಮಾಂಸವನ್ನು 'ಸ್ಟೌಟ್' ಎಂಬ ಕಪ್ಪು ಬಿಯರ್‌ನಲ್ಲಿ ಬೇಯಿಸುತ್ತಾರೆ. ಚಳಿಗಾಲದಲ್ಲಿ ಹೊಟ್ಟೆ ತುಂಬಿಸುವ ಊಟ ಇದು.

ಈ ಅಡುಗೆಗೆ ಬಳಸುವುದು ಅಗ್ಗದ, ಗಟ್ಟಿಯಾದ ಮಾಂಸ. ಇಪ್ಪತ್ತು ನಿಮಿಷ ಬೇಯಿಸಿದರೆ ಅದು ರಬ್ಬರಿನಂತೆ ಇರುತ್ತದೆ. ಮೂರು ಗಂಟೆ ಬೇಯಿಸಿದರೆ ಚಮಚಕ್ಕೇ ಬಿಡಿಸಿಕೊಳ್ಳುವಷ್ಟು ಮೆತ್ತಗಾಗುತ್ತದೆ. ಆ ನಡುವಿನ ಅವಧಿಯಲ್ಲಿ ಪಾತ್ರೆಯೊಳಗೆ ಏನು ನಡೆಯುತ್ತದೆ? ಉರಿ ಹೆಚ್ಚಿಸಿದರೆ ಸಮಯ ಉಳಿಯುವುದೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಉಷ್ಣವಹನ, ಗುಪ್ತೋಷ್ಣ, ಸ್ನಿಗ್ಧತೆ ಮುಂತಾದ ಪಾಠಗಳು ಒಂದೇ ಪಾತ್ರೆಯಲ್ಲಿ ಸಿಗುತ್ತವೆ. ಇಲ್ಲಿ ಹೇಳುವ ತತ್ತ್ವಗಳು ಕುರಿಮಾಂಸಕ್ಕೂ ಅನ್ವಯಿಸುತ್ತವೆ. ಮಾಂಸಾಹಾರಿಗಳಲ್ಲದ ಓದುಗರು ಇದನ್ನು ಭೌತವಿಜ್ಞಾನದ ಒಂದು ಉದಾಹರಣೆ ಎಂದೇ ಓದಬಹುದು.

ಬೇಕಾಗುವ ಸಾಮಗ್ರಿಗಳು

ಆರು ಮಂದಿಗೆ: ಭುಜದ ಅಥವಾ ಮೊಣಕಾಲಿನ ಕೆಳಗಿನ ಭಾಗದ ಮಾಂಸ 1 ಕಿ.ಗ್ರಾಂ, ಈರುಳ್ಳಿ 2, ಕ್ಯಾರೆಟ್ 3, ಆಲೂಗೆಡ್ಡೆ 500 ಗ್ರಾಂ, ಬೆಳ್ಳುಳ್ಳಿ 3 ಎಸಳು, ಮೈದಾ 2 ದೊಡ್ಡ ಚಮಚ, ಟೊಮೆಟೊ ಪೇಸ್ಟ್ 1 ದೊಡ್ಡ ಚಮಚ, ಸ್ಟೌಟ್ 440 ಮಿ.ಲೀ., ಮೂಳೆ ಬೇಯಿಸಿ ಸೋಸಿದ ನೀರು 500 ಮಿ.ಲೀ., ಸ್ವಲ್ಪ ಥೈಮ್ ಸೊಪ್ಪು, ಎಣ್ಣೆ, ಉಪ್ಪು, ಕರಿಮೆಣಸು, 1 ಚಿಕ್ಕ ಚಮಚ ಸಕ್ಕರೆ. ದಪ್ಪ ತಳದ, ಮುಚ್ಚಳವಿರುವ ಪಾತ್ರೆ ಅಗತ್ಯ.

ಮಾಂಸದ ರಚನೆ

ಮಾಂಸವೆಂದರೆ ಪ್ರಾಣಿಯ ಸ್ನಾಯು. ಸ್ನಾಯುವಿನಲ್ಲಿ ಎರಡು ಮುಖ್ಯ ಭಾಗಗಳನ್ನು ಗುರುತಿಸಬಹುದು. ಮೊದಲನೆಯದು ನೀರು ತುಂಬಿದ ಸ್ನಾಯು ತಂತುಗಳು. ಎರಡನೆಯದು ಈ ತಂತುಗಳನ್ನು ಕಟ್ಟಿಹಿಡಿದಿರುವ ಸಂಯೋಜಕ ಅಂಗಾಂಶ. ಅದರ ಪ್ರಧಾನ ಪ್ರೋಟೀನು ಕೊಲಾಜನ್. ಹೆಚ್ಚು ದುಡಿಯುವ ಕಾಲು, ಭುಜದ ಸ್ನಾಯುಗಳಲ್ಲಿ ಕೊಲಾಜನ್ ಹೆಚ್ಚು. ಆ ಮಾಂಸ ಗಟ್ಟಿಯಾಗಿರಲು ಇದೇ ಕಾರಣ.

ಕೊಲಾಜನ್ ಅಣು ಮೂರು ಎಳೆಗಳನ್ನು ಹಗ್ಗದಂತೆ ಹೊಸೆದ ರಚನೆ. ಈ ತ್ರಿಸುರುಳಿ ರಚನೆಯನ್ನು ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಅವರು 1954–55ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮಂಡಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದವರು ಇದೇ ರಾಮಚಂದ್ರನ್. ಸ್ಟ್ಯೂ ಬೇಯುವುದೆಂದರೆ ಮುಖ್ಯವಾಗಿ ಅವರು ಗುರುತಿಸಿದ ಆ ಹೊಸೆದ ಹಗ್ಗ ಬಿಚ್ಚಿಕೊಳ್ಳುವುದು ಎಂದರ್ಥ.

ಕಾಯಿಸಿದಾಗ ಈ ಎರಡು ಭಾಗಗಳು ವಿರುದ್ಧ ದಿಕ್ಕಿನಲ್ಲಿ ಬದಲಾಗುತ್ತವೆ. ತಂತುಗಳಲ್ಲಿನ ಮಯೋಸಿನ್ ಸುಮಾರು 50° ಸೆ.ನಲ್ಲಿ, ಆಕ್ಟಿನ್ ಸುಮಾರು 70° ಸೆ.ನಲ್ಲಿ ತಮ್ಮ ಸಹಜ ಆಕಾರ ಕಳೆದುಕೊಳ್ಳುತ್ತವೆ. ಆಗ ತಂತುಗಳು ಕುಗ್ಗಿ ನೀರನ್ನು ಹಿಂಡಿ ಹೊರಹಾಕುತ್ತವೆ. ಕೊಲಾಜನ್ ಕೂಡ ಸುಮಾರು 60–65° ಸೆ.ನಲ್ಲಿ ಮೊದಲು ಸಂಕುಚಿಸಿ ಮಾಂಸವನ್ನು ಇನ್ನಷ್ಟು ಬಿಗಿಯಾಗಿಸುತ್ತದೆ. ಆಮೇಲೆ, ತೇವವಿರುವ ಪರಿಸರದಲ್ಲಿ 70° ಸೆ. ಮೀರಿದ ಉಷ್ಣತೆಯಲ್ಲಿ, ಅದರ ಎಳೆಗಳು ನಿಧಾನವಾಗಿ ಬೇರ್ಪಟ್ಟು ಜೆಲಟಿನ್ ಆಗಿ ದ್ರವದಲ್ಲಿ ಕರಗುತ್ತವೆ. ತಂತುಗಳಿಂದ ನೀರು ಹೋದ ನಷ್ಟವನ್ನು ಈ ಜೆಲಟಿನ್ ತುಂಬಿಕೊಡುತ್ತದೆ. ಅದರ ಹೆಪ್ಪು 30–35° ಸೆ.ನ ಆಸುಪಾಸಿನಲ್ಲೇ ಕರಗುವುದರಿಂದ ಬಾಯಿಯಲ್ಲಿ ನಯವಾಗಿ ಹರಡಿ, ಮಾಂಸ ರಸಭರಿತವಾಗಿದೆ ಎಂಬ ಅನುಭವ ಕೊಡುತ್ತದೆ.

ಮೊದಲ ಹೆಜ್ಜೆ: ಕಂದುಗಟ್ಟಿಸುವುದು

ಮಾಂಸವನ್ನು ಸುಮಾರು 4 ಸೆಂ.ಮೀ. ಘನಗಳಾಗಿ ಕತ್ತರಿಸಿ, ಬಟ್ಟೆ ಅಥವಾ ಕಾಗದದಿಂದ ಒತ್ತಿ ತೇವ ತೆಗೆಯಿರಿ. ಉಪ್ಪು, ಮೆಣಸಿನ ಪುಡಿ ಸವರಿ ಬಿಸಿ ಎಣ್ಣೆಯಲ್ಲಿ ಕೆಲವೇ ತುಂಡುಗಳನ್ನು ಒಂದು ಬಾರಿಗೆ ಹಾಕಿ, ಎಲ್ಲ ಬದಿ ಕಂದಾಗುವಂತೆ ಹುರಿಯಿರಿ.

ತೇವ ತೆಗೆಯುವುದು ಏಕೆ? ಮಾಂಸದ ಮೇಲ್ಮೈಯಲ್ಲಿ ನೀರು ಇರುವಷ್ಟು ಹೊತ್ತು ಅದರ ಉಷ್ಣತೆ 100° ಸೆ. ದಾಟುವುದಿಲ್ಲ. ಒಲೆ ಕೊಟ್ಟ ಉಷ್ಣವೆಲ್ಲ ನೀರನ್ನು ಆವಿಯಾಗಿಸಲು ಖರ್ಚಾಗುತ್ತದೆ. ಕಂದು ಬಣ್ಣ, ಸುವಾಸನೆ ಬೇಗ ಮೂಡಬೇಕಾದರೆ ಸುಮಾರು 140° ಸೆ. ಮೀರಬೇಕು. ಒಂದೇ ಸಲಕ್ಕೆ ಎಲ್ಲ ತುಂಡುಗಳನ್ನೂ ಸುರಿದರೆ ಪಾತ್ರೆ ತಣ್ಣಗಾಗಿ, ಬಿಟ್ಟ ನೀರಿನಲ್ಲೇ ಮಾಂಸ ಬೇಯತೊಡಗುತ್ತದೆ.

ಅಮೈನೋ ಆಮ್ಲ ಮತ್ತು ಸಕ್ಕರೆಗಳ ನಡುವೆ ನಡೆಯುವ ಈ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ವರ್ಣಿಸಿದರು. ದೋಸೆಯ ಕೆಂಪು, ಹುರಿದ ಕಾಫಿಬೀಜದ ಪರಿಮಳ ಇವುಗಳಲ್ಲಿಯೂ ಮಯಾರ್ ಕ್ರಿಯೆಯ ಪಾಲಿದೆ. ಹೀಗೆ ಹುರಿದರೆ ರಸ ಒಳಗೇ 'ಮುದ್ರೆ'ಯಾಗುತ್ತದೆ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಜರ್ಮನಿಯ ರಸಾಯನವಿಜ್ಞಾನಿ ಯೂಸ್ಟುಸ್ ಫಾನ್ ಲೀಬಿಗ್ 1847ರ ಪುಸ್ತಕದ ಮೂಲಕ ಹರಡಿದ ಕಲ್ಪನೆ ಅದು. ಹುರಿದ ಮತ್ತು ಹುರಿಯದ ಮಾಂಸವನ್ನು ತೂಗಿ ನೋಡಿದ ಪ್ರಯೋಗಗಳು ಅದನ್ನು ಅಲ್ಲಗಳೆದಿವೆ. ಕಂದುಗಟ್ಟಿಸುವುದು ರುಚಿಗಾಗಿ.

ಮಾಂಸ ತೆಗೆದಿಟ್ಟು ಅದೇ ಪಾತ್ರೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಟೊಮೆಟೊ ಪೇಸ್ಟ್ ಮತ್ತು ಮೈದಾ ಹಾಕಿ ಎರಡು ನಿಮಿಷ ಕೈಯಾಡಿಸಿ. ನಂತರ ಸ್ಟೌಟ್ ಸುರಿದು, ತಳಕ್ಕೆ ಅಂಟಿದ ಕಂದು ಪದರವನ್ನು ಕೆರೆದು ಕರಗಿಸಿ. ರುಚಿಯ ಬಹುಪಾಲು ಆ ಪದರದಲ್ಲೇ ಇದೆ.

ಕಪ್ಪು ಬಿಯರ್‌ನ ಪಾತ್ರ

ಸ್ಟೌಟ್‌ನ ಕಪ್ಪು ಬಣ್ಣ ಬರುವುದು ಕರಿದಾಗುವ ತನಕ ಹುರಿದ ಬಾರ್ಲಿಯಿಂದ. ಇಂಗ್ಲೆಂಡಿನ ಡೇನಿಯಲ್ ವೀಲರ್ 1817ರಲ್ಲಿ ಮಾಲ್ಟ್ ಹುರಿಯುವ ಉರುಳೆಗೆ ಪೇಟೆಂಟ್ ಪಡೆದ ನಂತರ ಇಂಥ ಬಿಯರ್ ತಯಾರಿಕೆ ಸುಲಭವಾಯಿತು. ಡಬ್ಲಿನ್ ನಗರದಲ್ಲಿ ಆರ್ಥರ್ ಗಿನ್ನೆಸ್ 1759ರಲ್ಲಿ ವರ್ಷಕ್ಕೆ 45 ಪೌಂಡಿನಂತೆ 9000 ವರ್ಷಗಳ ಗುತ್ತಿಗೆಗೆ ಪಡೆದ ಬಿಯರ್ ಕಾರ್ಖಾನೆ ಸ್ಟೌಟ್‌ಗೆ ಪ್ರಸಿದ್ಧ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೆ ಇನ್ನೊಂದು ಸಂಗತಿ: 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ 1908ರಲ್ಲಿ ಟಿ-ಪರೀಕ್ಷೆಗೆ ಅಡಿಪಾಯ ಹಾಕಿದ ವಿಲಿಯಂ ಗಾಸೆಟ್ ಇದೇ ಕಾರ್ಖಾನೆಯ ನೌಕರರಾಗಿದ್ದರು.

ಹುರಿದ ಬಾರ್ಲಿ ಪಾತ್ರೆಗೆ ಕಾಫಿಯಂಥ ಕಂಪನ್ನು ಕೊಡುತ್ತದೆ. ಸ್ಟೌಟ್ ಸ್ವಲ್ಪ ಆಮ್ಲೀಯವೂ ಹೌದು. ಆಮ್ಲ ಕೊಲಾಜನ್ ಸಡಿಲಗೊಳ್ಳಲು ನೆರವಾಗುತ್ತದೆ. ಹಾಪ್ಸ್ ಹೂವಿನಿಂದ ಬಂದ ಕಹಿ ಪದಾರ್ಥಗಳು ಆವಿಯಾಗುವುದಿಲ್ಲ. ಆದ್ದರಿಂದ ಸಾರು ಇಂಗಿದಷ್ಟೂ ಕಹಿ ಸಾಂದ್ರವಾಗುತ್ತದೆ. ಈರುಳ್ಳಿ, ಕ್ಯಾರೆಟ್‌ಗಳ ಸಿಹಿ ಮತ್ತು ಒಂದು ಚಮಚ ಸಕ್ಕರೆ ಇದನ್ನು ಸರಿದೂಗಿಸುತ್ತವೆ.

ಆಲ್ಕೋಹಾಲ್ ಏನಾಗುತ್ತದೆ? ಅದರ ಕುದಿಬಿಂದು 78° ಸೆ. ಆಗಿರುವುದರಿಂದ ಕ್ಷಣದಲ್ಲಿ ಮಾಯವಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ನೀರಿನೊಡನೆ ಬೆರೆತ ಆಲ್ಕೋಹಾಲ್ ಹಾಗೆ ಬೇರೆಯಾಗಿ ಕುದಿಯುವುದಿಲ್ಲ. ನೀರಾವಿಯೊಡನೆ ಕ್ರಮೇಣ ಹೊರಹೋಗುತ್ತದೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ ಮಂದ ಕುದಿಯಲ್ಲಿ ಅರ್ಧ ಗಂಟೆಯ ನಂತರ ಶೇಕಡ 35, ಒಂದು ಗಂಟೆಯ ನಂತರ ಶೇಕಡ 25, ಎರಡೂವರೆ ಗಂಟೆಯ ನಂತರ ಶೇಕಡ 5ರಷ್ಟು ಉಳಿದಿರುತ್ತದೆ. ಶೇಕಡ 4.2 ಆಲ್ಕೋಹಾಲ್ ಇರುವ 440 ಮಿ.ಲೀ. ಸ್ಟೌಟ್‌ನಲ್ಲಿ ಅದರ ಪ್ರಮಾಣ ಸುಮಾರು 18.5 ಮಿ.ಲೀ.; ಕೊನೆಗೆ ಉಳಿಯುವುದು ಸುಮಾರು 0.9 ಮಿ.ಲೀ. ಇದು ಅತ್ಯಲ್ಪ, ಆದರೆ ಸೊನ್ನೆಯಲ್ಲ. ಆಲ್ಕೋಹಾಲ್ ಪೂರ್ತಿ ವರ್ಜಿಸುವವರಿಗೆ ಬಡಿಸುವಾಗ ಇದನ್ನು ತಿಳಿಸುವುದು ಒಳಿತು.

ಇಪ್ಪತ್ತು ನಿಮಿಷ ಮತ್ತು ಎರಡೂವರೆ ಗಂಟೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮಾಂಸದ ತುಂಡುಗಳನ್ನು ಮತ್ತೆ ಪಾತ್ರೆಗೆ ಹಾಕಿ, ಮೂಳೆ ಬೇಯಿಸಿದ ನೀರು, ಥೈಮ್, ಸಕ್ಕರೆ ಸೇರಿಸಿ ಸಣ್ಣ ಉರಿಯಲ್ಲಿ ಇಟ್ಟಿದ್ದೀರಿ. ದ್ರವ 95° ಸೆ.ನಲ್ಲಿದೆ. ತುಂಡಿನ ನಡುಭಾಗಕ್ಕೆ ಬಿಸಿ ತಲುಪಲು ಎಷ್ಟು ಹೊತ್ತು ಬೇಕು?

ಮಾಂಸದೊಳಗೆ ಉಷ್ಣ ಸಾಗುವುದು ವಹನದಿಂದ. ಮಾಂಸದ ಉಷ್ಣ ವಿಸರಣ ಗುಣಾಂಕ ಸೆಕೆಂಡಿಗೆ ಸುಮಾರು 0.14 ಚದರ ಮಿ.ಮೀ. ಅರ್ಧ ದಪ್ಪದ ವರ್ಗವನ್ನು ಇದರಿಂದ ಭಾಗಿಸಿದರೆ ಕಾಲದ ಅಂದಾಜು ಸಿಗುತ್ತದೆ. 4 ಸೆಂ.ಮೀ. ಘನಕ್ಕೆ ಅರ್ಧ ದಪ್ಪ 20 ಮಿ.ಮೀ.; ಅದರ ವರ್ಗ 400; ಭಾಗಿಸಿದರೆ ಸುಮಾರು 2860 ಸೆಕೆಂಡು, ಅಂದರೆ 48 ನಿಮಿಷ. ಇದು ಎರಡು ಮುಖಗಳಿಂದ ಮಾತ್ರ ಬಿಸಿಯಾಗುವ ಚಪ್ಪಡಿಯ ಲೆಕ್ಕ. ಘನವು ಆರೂ ಮುಖಗಳಿಂದ ಬಿಸಿಯಾಗುವುದರಿಂದ ಸುಮಾರು 20 ನಿಮಿಷ ಸಾಕು. 15° ಸೆ.ನಿಂದ ಹೊರಟ ತುಂಡಿನ ನಡುಭಾಗ ಅಷ್ಟರಲ್ಲಿ ಸುಮಾರು 87° ಸೆ. ಮುಟ್ಟಿರುತ್ತದೆ.

ಹಾಗಾದರೆ ಉಳಿದ ಎರಡೂವರೆ ಗಂಟೆ ಏಕೆ? ಆ ಕಾಲ ಕೊಲಾಜನ್‌ಗೆ ಸೇರಿದ್ದು. ಉಷ್ಣ ತಲುಪುವುದು ಭೌತಕ್ರಿಯೆ. ಅದು ಬೇಗ ಮುಗಿಯುತ್ತದೆ. ಕೊಲಾಜನ್ ಜೆಲಟಿನ್ ಆಗುವುದು ನಿಧಾನವಾದ ರಾಸಾಯನಿಕ ಬದಲಾವಣೆ. ಅಡುಗೆ ಮಾಡುವವರು ತಾಳ್ಮೆಗೆಡುವುದು ಇಲ್ಲೇ. ಒಂದು ಗಂಟೆಗೆ ಮಾಂಸ ಗಟ್ಟಿಯಾಗಿದ್ದರೆ ಅದು ಕೆಟ್ಟಿದೆ ಎಂದಲ್ಲ. ತಂತುಗಳು ಕುಗ್ಗಿವೆ, ಕೊಲಾಜನ್ ಇನ್ನೂ ಕರಗಿಲ್ಲ, ಅಷ್ಟೇ.

ಉರಿ ಹೆಚ್ಚಿಸಿದರೆ?

ತೆರೆದ ಪಾತ್ರೆಯಲ್ಲಿ ದ್ರವ ಕುದಿಯತೊಡಗಿದ ಮೇಲೆ ಉರಿ ಎಷ್ಟು ಹೆಚ್ಚಿಸಿದರೂ ಉಷ್ಣತೆ ಏರದು, ಆವಿ ಹೆಚ್ಚುತ್ತದೆ. ಲೆಕ್ಕ ನೋಡಿ. ಪಾತ್ರೆಯಲ್ಲಿನ ಪದಾರ್ಥ ಸುಮಾರು 3 ಕಿ.ಗ್ರಾಂ, ಅದರ ವಿಶಿಷ್ಟೋಷ್ಣ ಕಿ.ಗ್ರಾಂಗೆ ಸುಮಾರು 3.7 ಕಿಲೋಜೂಲ್. 20° ಸೆ.ನಿಂದ 95° ಸೆ.ಗೆ ಏರಿಸಲು ಸುಮಾರು 830 ಕಿಲೋಜೂಲ್ ಬೇಕು. ಒಂದು ಲೀಟರ್ ನೀರನ್ನು ಆವಿಯಾಗಿಸಲು ಬೇಕಾದ ಗುಪ್ತೋಷ್ಣ 2260 ಕಿಲೋಜೂಲ್! ಇಡೀ ಅಡುಗೆಯನ್ನು ಬಿಸಿ ಮಾಡುವ ಶಕ್ತಿಯ ಎರಡೂವರೆ ಪಟ್ಟಿಗಿಂತ ಹೆಚ್ಚು ಆವಿಯಾಗಿ ಹಾರಿಹೋಗುತ್ತದೆ. ಒಲೆಯ ದಕ್ಷತೆ ಶೇಕಡ 60 ಎಂದರೆ ಇದಕ್ಕೆ ಸುಮಾರು 80 ಗ್ರಾಂ ಅಡುಗೆ ಅನಿಲ ವ್ಯರ್ಥ.

ಕೊತಕೊತ ಕುದಿತದಿಂದ ಬೇರೆ ನಷ್ಟಗಳೂ ಇವೆ. ತಂತುಗಳು ಹೆಚ್ಚು ನೀರು ಕಳೆದುಕೊಳ್ಳುತ್ತವೆ, ತುಂಡುಗಳು ಬಡಿದಾಡಿ ಪುಡಿಯಾಗುತ್ತವೆ. ಮೈದಾದ ಪಿಷ್ಟಕಣಗಳು ಉಬ್ಬಿ ದ್ರವದ ಸ್ನಿಗ್ಧತೆ ಹೆಚ್ಚಿರುವುದರಿಂದ ಸಂವಹನ ಪ್ರವಾಹ ನಿಧಾನವಾಗಿರುತ್ತದೆ. ತಳದ ಉಷ್ಣ ಬೇಗ ಮೇಲಕ್ಕೆ ಹೋಗಲಾರದೆ ಪಾತ್ರೆ ತಳ ಹಿಡಿಯುತ್ತದೆ. ಆದ್ದರಿಂದ ಮುಚ್ಚಳವನ್ನು ತುಸು ಓರೆಯಾಗಿಟ್ಟು, ಆಗೊಂದು ಈಗೊಂದು ಗುಳ್ಳೆ ಏಳುವಷ್ಟು ಉರಿ ಇರಿಸಿ. ಓವನ್ ಇದ್ದರೆ 150° ಸೆ.ನಲ್ಲಿ ಇಡಬಹುದು, ಅಲ್ಲಿ ಎಲ್ಲ ಬದಿಯಿಂದಲೂ ಉಷ್ಣ ದೊರೆಯುತ್ತದೆ.

ಕ್ಯಾರೆಟ್ ಮತ್ತು ಆಲೂಗೆಡ್ಡೆ ಹಾಕುವುದು ಕೊನೆಯ ಒಂದು ಗಂಟೆಯಲ್ಲಿ. ತರಕಾರಿಯ ಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಆಮ್ಲೀಯ ದ್ರವದಲ್ಲಿ ನಿಧಾನವಾಗಿ ಕರಗುವುದರಿಂದ, ಬರಿಯ ನೀರಿಗಿಂತ ಇಲ್ಲಿ ಅವು ಬೇಯಲು ತುಸು ಹೆಚ್ಚು ಹೊತ್ತು ಬೇಕು.

ನಿಜವಾಗಿ ಸಮಯ ಉಳಿಸಬೇಕಾದರೆ ಉಷ್ಣತೆಯನ್ನೇ ಏರಿಸಬೇಕು; ಅದಕ್ಕೆ ಒತ್ತಡ ಬೇಕು. ಪ್ರೆಷರ್ ಕುಕ್ಕರ್‌ನಲ್ಲಿ ನೀರು ಸುಮಾರು 120° ಸೆ.ನಲ್ಲಿ ಕುದಿಯುತ್ತದೆ, ಮುಕ್ಕಾಲು ಗಂಟೆಯಲ್ಲಿ ಮಾಂಸ ಮೆತ್ತಗಾಗುತ್ತದೆ. 1679ರಲ್ಲಿ ಡೆನಿಸ್ ಪಾಪಿನ್ ಇದರ ಪೂರ್ವಜವನ್ನು ತಯಾರಿಸಿದ್ದೂ ಮೂಳೆಯನ್ನು ಮೆದುಗೊಳಿಸಲೆಂದೇ. ಆದರೆ ಆ ಉಷ್ಣತೆಯಲ್ಲಿ ತಂತುಗಳು ಹೆಚ್ಚು ಒಣಗುತ್ತವೆ, ಆವಿ ಹೊರಹೋಗದೆ ಸಾರು ಇಂಗುವುದಿಲ್ಲ. ದ್ರವ ಕಡಿಮೆ ಹಾಕಿ, ಒತ್ತಡ ತಾನಾಗಿ ಇಳಿದ ಮೇಲೆಯೇ ಮುಚ್ಚಳ ತೆಗೆಯಿರಿ.

ತಣಿಸುವಾಗ ಎಚ್ಚರ

ಸ್ಟ್ಯೂ ಮರುದಿನ ಹೆಚ್ಚು ರುಚಿ ಎಂದು ಹಲವರು ಹೇಳುತ್ತಾರೆ. ಆದರೆ ದೊಡ್ಡ ಪಾತ್ರೆಯನ್ನು ರಾತ್ರಿಯಿಡೀ ಹೊರಗೆ ಬಿಡುವುದು ಅಪಾಯ. ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯದ ಬೀಜಕಗಳು ಕುದಿತವನ್ನೂ ತಾಳಿಕೊಂಡು, ಸಾರು ನಿಧಾನವಾಗಿ ತಣ್ಣಗಾಗುವಾಗ ಮೊಳೆತು ಬೇಗ ವೃದ್ಧಿಸುತ್ತವೆ. ಗಟ್ಟಿ ಸಾರಿನಲ್ಲಿ ಸಂವಹನ ಕಡಿಮೆಯಾದ್ದರಿಂದ ನಡುಭಾಗ ಬಹಳ ಹೊತ್ತು ಬೆಚ್ಚಗೇ ಇರುತ್ತದೆ.

ಇಲ್ಲಿ ದಪ್ಪದ ವರ್ಗದ ನಿಯಮವೇ ನಮ್ಮ ರಕ್ಷಕ. 12 ಸೆಂ.ಮೀ. ಆಳದ ಸಾರನ್ನು 4 ಸೆಂ.ಮೀ. ಆಳಕ್ಕೆ ಅಗಲ ತಟ್ಟೆಗಳಲ್ಲಿ ಹಂಚಿದರೆ ವಹನದಿಂದ ತಣಿಯುವ ಕಾಲ ತತ್ತ್ವತಃ ಒಂಬತ್ತನೆಯ ಒಂದಕ್ಕೆ ಇಳಿಯುತ್ತದೆ. ಎರಡು ಗಂಟೆಯೊಳಗೆ 60° ಸೆ.ನಿಂದ 21° ಸೆ.ಗೆ, ಮುಂದಿನ ನಾಲ್ಕು ಗಂಟೆಯಲ್ಲಿ 5° ಸೆ.ಗೆ ಇಳಿಸುವುದು ಸುರಕ್ಷಿತ ಕ್ರಮ. ಫ್ರಿಜ್‌ನಲ್ಲಿ ಸಾರು ಹೆಪ್ಪುಗಟ್ಟಿದ್ದರೆ ಅದು ಕೊಲಾಜನ್ ಜೆಲಟಿನ್ ಆಗಿರುವುದಕ್ಕೆ ಸಾಕ್ಷಿ. ತಿನ್ನುವ ಮೊದಲು ನಡುಭಾಗವೂ 75° ಸೆ. ಮುಟ್ಟುವಂತೆ ಮತ್ತೆ ಕಾಯಿಸಿ.

ಮಾಡಿ ನೋಡಿ

ಮಾಂಸವಿಲ್ಲದೆಯೂ ತರಗತಿಯಲ್ಲಿ ಇದನ್ನು ತೋರಿಸಬಹುದು. ಒಂದೇ ಬಗೆಯ ಎರಡು ಪಾತ್ರೆಗಳಲ್ಲಿ ಒಂದೊಂದು ಲೀಟರ್ ನೀರು ಕುದಿಸಿ. ಕುದಿ ಬಂದ ಮೇಲೆ ಒಂದನ್ನು ದೊಡ್ಡ ಉರಿಯಲ್ಲಿ, ಇನ್ನೊಂದನ್ನು ಗುಳ್ಳೆ ಏಳುವಷ್ಟೇ ಉರಿಯಲ್ಲಿ ಹದಿನೈದು ನಿಮಿಷ ಇಡಿ. ಎರಡರ ಉಷ್ಣತೆಯನ್ನೂ ಉಳಿದ ನೀರನ್ನೂ ಅಳೆಯಿರಿ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಉಷ್ಣಮಾಪಕ ಸುಮಾರು 97° ಸೆ. ತೋರಿಸುತ್ತದೆ, ಮಂಗಳೂರಿನಲ್ಲಿ 100° ಸೆ.ಗೆ ಹತ್ತಿರ. ಎರಡು ಪಾತ್ರೆಗಳ ಉಷ್ಣತೆಯಲ್ಲಿ ವ್ಯತ್ಯಾಸ ಅತ್ಯಲ್ಪ, ನೀರಿನ ಪ್ರಮಾಣದಲ್ಲಿ ಬಹಳ. ಕಡಿಮೆಯಾದ ನೀರಿನಿಂದ ವ್ಯರ್ಥವಾದ ಶಕ್ತಿಯನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. ಬೇಳೆ ಬೇಯಿಸುವಾಗಲೂ ಆ ಲೆಕ್ಕ ನೆನಪಿಗೆ ಬಂದರೆ ಪ್ರಯೋಗ ಸಾರ್ಥಕ.